ಸಂಬಳದ ಚೀಟಿಯನ್ನು ಲೆಕ್ಕಕ್ಕೆ ಏರಿಸುವಾಗ

ಶಿವಮೊಗ್ಗ

ಚಿ. ಸಹನಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಗ್ನೂಕ್ಯಾಶ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಂಡು ಲೆಕ್ಕ ಬರೆಯಲು ಶುರು ಮಾಡಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತಿಂಗಳಿಗೊಂದು ಭಾನುವಾರ ಅದಕ್ಕೇ ಹೋಗುತ್ತದೆ ಅಂತ ಗೊಣಗುತ್ತೀಯಂತೆ. ಬ್ಯಾಂಕಿನಲ್ಲಿ ಕಿರ್ದಿ, ಖಾತೆ ನೋಡಿಕೊಂಡೇ ಸರ್ವೀಸ್ ಮುಗಿಸಿದವಳು ನಾನು. ಇದರಲ್ಲಿ ಬಾಯಿ ಹಾಕದೆ ಇರಲು ಆಗುತ್ತಾ?

ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಸಂಬಳ ಅಂತ ಒಂದೇ ಸಾಲು, 1,04,355. ಅದು ಬ್ಯಾಂಕಿಗೆ ಬಂದ ದುಡ್ಡು, ನಿನ್ನ ಸಂಬಳ ಅಲ್ಲ. ಸಂಬಳ 1,20,000. ಮಧ್ಯದ 15,645 ಎಲ್ಲಿ ಹೋಯಿತು? ಅದರಲ್ಲಿ 7,200 ಪಿಎಫ್, ಅಂದರೆ ನಿನ್ನದೇ ಉಳಿತಾಯ. ಅದು ನಿನ್ನ ಲೆಕ್ಕದಲ್ಲಿ ಎಲ್ಲೂ ಇಲ್ಲ!

ಒಂದೇ ನಮೂದನ್ನು ಹಲವು ಸಾಲಾಗಿ ಒಡೆದು ಬರೆಯಬೇಕು, ಅದಕ್ಕೆ ಅದರಲ್ಲಿ ಸ್ಪ್ಲಿಟ್ ಅಂತಾರೆ. ಮೊದಲು ವ್ಯೂ ಮೆನುವಿನಲ್ಲಿ ಆಟೋ-ಸ್ಪ್ಲಿಟ್ ಲೆಡ್ಜರ್ ಆರಿಸಿಕೋ. ಯಾವ ನಮೂದಿನ ಮೇಲೆ ಹೋದರೂ ಒಳಗಿನ ಸಾಲುಗಳು ತಾವೇ ಬಿಚ್ಚಿಕೊಳ್ಳುತ್ತವೆ, ಪ್ರತಿ ಸಲ ಸ್ಪ್ಲಿಟ್ ಬಟನ್ ಹುಡುಕಬೇಕಿಲ್ಲ. ಆಮೇಲೆ ಸಂಬಳದ ಚೀಟಿ ಎದುರಿಗಿಟ್ಟುಕೊಂಡು ಬ್ಯಾಂಕ್ ಖಾತೆಯಲ್ಲಿ ಹೀಗೆ ಬರೆ. ಮೊದಲ ಸಾಲು ಬ್ಯಾಂಕಿಗೆ ಬಂದ 1,04,355. ಎರಡನೆಯದು ಆದಾಯ 1,20,000. ಪಿಎಫ್ 7,200 ಆಸ್ತಿಯ ಕಡೆಗೆ ಹೋಗಬೇಕು, ಖರ್ಚಿಗಲ್ಲ. ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ 7,345 ಮತ್ತು ವೃತ್ತಿ ತೆರಿಗೆ 200, ಇವೆರಡು ಖರ್ಚು. ಉಳಿದದ್ದು ಆರೋಗ್ಯ ವಿಮೆಯ ಕಂತು 900, ಅದೂ ಖರ್ಚೇ. ಆ ಕೊನೆಯ ಸಾಲಿಗೆ ಮಾತ್ರ ನೀನು ಅಂಕಿ ಹಾಕಲೇಬೇಡ. ಬಾಕಿ ಉಳಿದ ಮೊತ್ತ ಖಾಲಿ ಸಾಲಿನಲ್ಲಿ ತಾನಾಗಿ ಬಂದು ಕೂರುತ್ತದೆ. 900 ಬಂದರೆ ಎಲ್ಲ ಸರಿ. 1,100 ಬಂತು ಅಂದರೆ ವೃತ್ತಿ ತೆರಿಗೆ ಬಿಟ್ಟಿದ್ದೀಯ ಅಂತ ಅರ್ಥ. ಬೇರೆ ತಾಳೆ ನೋಡುವ ಕೆಲಸವೇ ಇಲ್ಲ.

ಚೀಟಿಯಲ್ಲಿ ಬೇಸಿಕ್ (ಮೂಲ ವೇತನ), ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ವಿಶೇಷ ಭತ್ಯೆ ಅಂತ ಮೂರು ಭಾಗ ಇರುತ್ತದಲ್ಲ, ಅದನ್ನೂ ಮೂರು ಸಾಲು ಮಾಡಬೇಕಾ ಅಂತ ನೀನು ಕೇಳೇ ಕೇಳುತ್ತೀಯ. ಹೊಸ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎಗೆ ವಿನಾಯಿತಿ ಇಲ್ಲ. ಮತ್ತೆ ಸುಮ್ನೆ ಯಾಕೆ? ಒಂದೇ ಸಾಲು ಸಾಕು. ಹಳೇ ಪದ್ಧತಿಯಲ್ಲಿದ್ದರೆ ಬೇರೆ ಮಾಡು. ಕಂಪನಿ ಹಾಕುವ ಪಿಎಫ್ ಪಾಲನ್ನು ವರ್ಷಕ್ಕೊಮ್ಮೆ ಪಾಸ್‌ಬುಕ್ ನೋಡಿ ಏರಿಸಿದರೆ ಆಯಿತು. ಅದರಲ್ಲಿ ಒಂದಷ್ಟು ಪಿಂಚಣಿಗೆ ಹೋಗುವುದರಿಂದ 7,200 ಪೂರ್ತಿ ಬಂತು ಅಂತ ಬರೆದುಕೊಳ್ಳಬೇಡ.

ಇಷ್ಟು ಕಷ್ಟ ಒಂದೇ ಸಲ. ಮುಂದಿನ ತಿಂಗಳು ವಿವರದ ಜಾಗದಲ್ಲಿ ‘ಸಂಬಳ’ ಅಂತ ಬರೆದು ಟ್ಯಾಬ್ ಒತ್ತು. ಹಿಂದಿನ ಆರೂ ಸಾಲು ಅಂಕಿ ಸಮೇತ ಬಂದುಬಿಡುತ್ತವೆ. ಬದಲಾದದ್ದನ್ನು ಮಾತ್ರ ತಿದ್ದು. ಅದಕ್ಕೇ ಹೆಸರು ಪ್ರತಿ ತಿಂಗಳೂ ಒಂದೇ ಇರಲಿ. ‘ಜೂನ್ ಸಂಬಳ’, ‘ಜುಲೈ ಸ್ಯಾಲರಿ’ ಅಂತ ಬಗೆಬಗೆಯಾಗಿ ಬರೆದರೆ ಅದಕ್ಕೆ ಗುರುತು ಸಿಗುವುದಿಲ್ಲ. ತಿಂಗಳು ಹೇಗೂ ತಾರೀಖಿನಲ್ಲಿದೆ. ಖಾತೆಯ ಹೆಸರನ್ನೂ ಪೂರ್ತಿ ಟೈಪ್ ಮಾಡುತ್ತಾ ಕೂರಬೇಡ. ಮೊದಲ ಅಕ್ಷರ ಹೊಡೆದು ಕೋಲನ್ ಒತ್ತಿದರೆ ಒಳಖಾತೆಗೆ ಹಾರುತ್ತದೆ. ಇನ್ನೊಂದು ಮಾತು, ನಮ್ಮ ರಾಜ್ಯದಲ್ಲಿ ಈಗ ಫೆಬ್ರವರಿಯ ವೃತ್ತಿ ತೆರಿಗೆ 200 ಅಲ್ಲ, 300. ನಕಲು ಬಂದ ಅಂಕಿಯನ್ನು ಹಾಗೇ ಬಿಟ್ಟರೆ ಆ ತಿಂಗಳು 100 ವ್ಯತ್ಯಾಸ ಬರುತ್ತದೆ.

ಮನೆ ಸಾಲದ ಕಂತು ಬೇರೆ ಜಾತಿಯದು. ಕಂತು ಅಷ್ಟೇ ಇದ್ದರೂ ಒಳಗಿನ ಅಸಲು, ಬಡ್ಡಿ ತಿಂಗಳು ತಿಂಗಳೂ ಬದಲಾಗುತ್ತವೆ. ನಿಮ್ಮಪ್ಪನ 30 ಲಕ್ಷದ ಸಾಲವನ್ನೇ ತಗೋ. 8.5 ಪರ್ಸೆಂಟ್, 20 ವರ್ಷ. ಕಂತು ಸುಮಾರು 26,035. ಮೊದಲ ತಿಂಗಳು ಅದರಲ್ಲಿ 21,250 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಂದದ್ದು 4,785 ಅಷ್ಟೇ. ಇದನ್ನು ಕೈಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡ. ಷೆಡ್ಯೂಲ್ಡ್ ಟ್ರಾನ್ಸಾಕ್ಷನ್, ಅಂದರೆ ಹೇಳಿದ ದಿನಕ್ಕೆ ತಾನೇ ಬರೆದುಕೊಳ್ಳುವ ನಮೂದು ಮಾಡಿ, ಅಸಲಿಗೆ ಪಿಪಿಎಂಟಿ, ಬಡ್ಡಿಗೆ ಐಪಿಎಂಟಿ ಎಂಬ ಸೂತ್ರ ಹಾಕಿದರೆ ಅದೇ ಒಡೆದುಕೊಂಡು ಬರೆಯುತ್ತದೆ. ಬ್ಯಾಂಕು ಬಡ್ಡಿ ದರ ಬದಲಿಸಿದಾಗ ಸೂತ್ರವನ್ನೂ ತಿದ್ದಬೇಕು, ಅಷ್ಟೇ. ಸಂಬಳಕ್ಕೆ ಮಾತ್ರ ಈ ತಾನೇ ಬರೆಯುವ ವ್ಯವಸ್ಥೆ ಬೇಡ ಅಂತ ನನ್ನ ಮಾತು. ಚೀಟಿಯನ್ನು ತಿಂಗಳಿಗೊಮ್ಮೆ ನೀನೇ ಕಣ್ಣಿಟ್ಟು ನೋಡಬೇಕು.

ಇನ್ನು ಸೂಪರ್‌ಮಾರ್ಕೆಟ್ ಬಿಲ್ಲು. ಅಕ್ಕಿ ಬೇರೆ, ಸೋಪು ಬೇರೆ, ಬಿಸ್ಕತ್ತು ಬೇರೆ ಅಂತ ಒಡೆದಿದ್ದೀಯ. ನೋಡಿ ನಗು ಬಂತು. ವರ್ಷದ ಕೊನೆಗೆ ಸೋಪಿಗೆಷ್ಟಾಯಿತು ಅಂತ ನೀನು ಕೇಳುತ್ತೀಯಾ? ಕೇಳುವುದಿಲ್ಲ ಅಂದರೆ ‘ಮನೆ ಸಾಮಾನು’ ಅಂತ ಒಂದೇ ಸಾಲು. ನಿನ್ನ ಭಾನುವಾರ ಹಾಳಾಗುತ್ತಿರುವುದು ಇಲ್ಲೇ. ಅದೇ ಬಿಲ್ಲಿನಲ್ಲಿ ಔಷಧಿ ಇದ್ದರೆ ಬೇರೆ ಮಾಡು, ಅದು ಬೇಕಾಗುವ ಲೆಕ್ಕ.

ನಾಲ್ವರು ಊಟಕ್ಕೆ ಹೋಗಿ 2,400 ನೀನೇ ಕೊಟ್ಟಾಗ ಮಾತ್ರ ಖಂಡಿತ ಒಡೆಯಬೇಕು. ಖರ್ಚಿನ ಸಾಲಿನಲ್ಲಿ 2400/4 ಅಂತಲೇ ಬರೆ, 600 ಆಗುತ್ತದೆ. ಉಳಿದ 1,800 ‘ಬರಬೇಕಾದ್ದು’ ಖಾತೆಗೆ. ಗೆಳತಿಯರು ಯುಪಿಐನಲ್ಲಿ ಕಳಿಸಿದಾಗ ಅದೇ ಖಾತೆಗೆ ಜಮಾ ಮಾಡು. ಆದಾಯ ಅಂತ ಬರೆದರೆ ಊಟ ಕೊಡಿಸಿ ದುಡ್ಡು ಸಂಪಾದಿಸಿದ ಹಾಗೆ ಕಾಣುತ್ತದೆ!

ತಾಳೆಯಾಗದ್ದನ್ನೆಲ್ಲ ಗ್ನೂಕ್ಯಾಶ್ ‘ಇಂಬ್ಯಾಲೆನ್ಸ್-ಐಎನ್‌ಆರ್’ ಅನ್ನುವ ಖಾತೆಗೆ ತಳ್ಳುತ್ತದೆ. ಅದನ್ನು ನೀನು ತೆರೆದೇ ನೋಡಿಲ್ಲ ಅಂತ ನನ್ನ ಅನುಮಾನ. ಶನಿವಾರ ಫೋನ್ ಮಾಡುತ್ತೀಯಲ್ಲ, ಅದರಲ್ಲಿ ಎಷ್ಟಿದೆ ಅಂತ ನೋಡಿಟ್ಟುಕೊಂಡಿರು.

ಇಂತಿ,
ನಿನ್ನ ದೊಡ್ಡಮ್ಮ