ಅಮ್ಮನನ್ನು ಬೆಂಚಿನ ಮೇಲೆ ಕೂರಿಸಬೇಡ

ಒರ್ಲಾಂಡೊ, ಫ್ಲೋರಿಡಾ

ಚಿ. ಸೌ. ಅನುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀವು ಇಲ್ಲಿಗೆ ಬಂದಾಗ ಎಲ್ಲೆಲ್ಲಿ ಹೋಗಬೇಕು ಅಂತ ನೀನು ಕಳಿಸಿದ ಪಟ್ಟಿ ಸಿಕ್ಕಿತು. ನಿಮ್ಮ ದೊಡ್ಡಪ್ಪ ಅದನ್ನು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಎಂಟು ದಿನ, ಎಂಟೂ ದಿನ ಡಿಸ್ನಿಯಂಥ ಪಾರ್ಕು. ಬೆಳಿಗ್ಗೆ ಏಳಕ್ಕೆ ಮನೆ ಬಿಡೋದು, ರಾತ್ರಿ ಪಟಾಕಿ ನೋಡಿ ವಾಪಸ್ಸು. ಊಟಕ್ಕೆ ಅಂತ ಒಂದು ಕಾಲಮ್ಮೂ ಇಲ್ಲ. ಫೋನಿನಲ್ಲಿ ಹೇಳಿದರೆ 'ಹ್ಞೂಂ ದೊಡ್ಡಮ್ಮ, ಹ್ಞೂಂ' ಅಂದು ಮುಗಿಸಿಬಿಡ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪಾರ್ಕಿಗೆ ಹೋಗಲೇಬೇಡ ಅನ್ನುವಷ್ಟು ಮುದಿಯಾಗಿಲ್ಲ ನಾನು. ವಿಭಾ, ಚಿನ್ನು ಅಷ್ಟು ದೂರದಿಂದ ಬಂದು ಡಿಸ್ನಿ ನೋಡದೆ ಹೋದರೆ ನಿನ್ನನ್ನೂ ಬಿಡಲ್ಲ, ನನ್ನನ್ನೂ ಬಿಡಲ್ಲ. ಎರಡು ದಿನ ಹೋಗಿ, ಹೆಚ್ಚೆಂದರೆ ಮೂರು. ನೀವು ಬರುತ್ತಿರುವುದು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ. ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ವಾರ ಅದು. ಒಬ್ಬರಿಗೆ ದಿನಕ್ಕೆ ನೂರು ಡಾಲರಿಗೂ ಜಾಸ್ತಿ ಕೊಟ್ಟು, ಅರ್ಧ ದಿನ ಮುಂದಿನವರ ಬೆನ್ನು ನೋಡುತ್ತಾ ನಿಲ್ಲಬೇಕು. ಇದನ್ನೆಲ್ಲ ಅಳಿಯಂದಿರು ಲೆಕ್ಕ ಹಾಕಿಯೇ ಇರುತ್ತಾರೆ. ನನ್ನ ಚಿಂತೆ ಬೇರೆ. ನಿಮ್ಮ ಜೊತೆ ನಿಮ್ಮಮ್ಮನೂ ಬರುತ್ತಿದ್ದಾಳೆ. ಅವಳ ಮಂಡಿ ಹೇಗಿದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. 1998ರ ಮಾರ್ಚಿನಲ್ಲಿ ನಿಮ್ಮಜ್ಜಿ ಇಲ್ಲಿಗೆ ಬಂದಿದ್ದಳು. ತೀರ್ಥಹಳ್ಳಿ ಬಿಟ್ಟು ಅಷ್ಟು ದೂರ ಬಂದದ್ದು ಅದೊಂದೇ ಸಲ. ಆಗ ನಾವೂ ಹೊಸಬರು, ತೋರಿಸುವ ಹುಮ್ಮಸ್ಸು. ಇದ್ದ ರಜೆ ನಾಲ್ಕು ದಿನ. ನಾಲ್ಕೂ ದಿನ ಅಮ್ಮನನ್ನು ಪಾರ್ಕುಗಳಿಗೆ ಎಳೆದುಕೊಂಡು ಹೋದೆವು. ಎರಡನೇ ದಿನಕ್ಕೇ ಅವಳ ಕಾಲು ಊದಿತ್ತು. ನಾವು ಮಕ್ಕಳ ಜೊತೆ ಸಾಲಿನಲ್ಲಿ ನಿಲ್ಲುವುದು, ಅಮ್ಮ ಬೆಂಚಿನ ಮೇಲೆ ಬ್ಯಾಗು ಕಾಯುವುದು. ಮಧ್ಯಾಹ್ನ ಎರಡು ಬ್ರೆಡ್ಡಿನ ನಡುವೆ ಚೀಸು. ಮಾಂಸವಿಲ್ಲದ್ದು ಅಂತ ಆ ಕೌಂಟರಿನಲ್ಲಿ ಸಿಕ್ಕಿದ್ದು ಅಷ್ಟೇ. ಸಂಜೆ ನಿಮ್ಮ ದೊಡ್ಡಪ್ಪ 'ಹೇಗಿತ್ತು ಅತ್ತೆ' ಅಂತ ಕೇಳಿದರು. 'ಬೆಂಚು ಚೆನ್ನಾಗಿತ್ತು, ನೆರಳೂ ಇತ್ತು' ಅಂದಳು. ವ್ಯಂಗ್ಯಕ್ಕೆ ಅಂದದ್ದಲ್ಲ. ಅವಳಿಗೆ ವ್ಯಂಗ್ಯ ಬರುತ್ತಿರಲಿಲ್ಲ.

ಆ ನಾಲ್ಕು ದಿನದಲ್ಲಿ ಅವಳಾಗಿಯೇ ಕೇಳಿದ್ದು ಒಂದೇ. ಕ್ಲೆರ್ಮಾಂಟ್ ಕಡೆ ಕಾರಿನಲ್ಲಿ ಹೋಗುವಾಗ ಕಿಟಕಿ ಇಳಿಸಿದ್ದಳು. 'ಇದೇನೇ ಘಮ? ಮಲ್ಲಿಗೆ ಹಾಗಿದೆ' ಅಂದಳು. ಕಿತ್ತಳೆ ಹೂವಿನ ಕಾಲ. 'ಹಾಗಾದರೆ ತೋಟ ಇಲ್ಲೇ ಇರಬೇಕಲ್ಲ, ಒಂಚೂರು ನಿಲ್ಲಿಸು' ಅಂದಳು. ಟಿಕೆಟ್ಟಿನ ಹೊತ್ತಾಗಿತ್ತು. ನಾಳೆ ಹೋಗೋಣಮ್ಮ ಅಂದೆ.

ಆಮೇಲೆ ಗೊತ್ತಾಯಿತು. ಫ್ಲೋರಿಡಾದಲ್ಲಿ ಅತಿ ಹೆಚ್ಚು ಕಿತ್ತಳೆ ಬೆಳೆದದ್ದು ಅದೇ ವರ್ಷ, 1997-98ರಲ್ಲಿ. 24 ಕೋಟಿ 40 ಲಕ್ಷ ಪೆಟ್ಟಿಗೆ. ಅಷ್ಟು ಹಣ್ಣಿನ ನಡುವೆ ಅಮ್ಮನಿಗೆ ಒಂದು ಮರ ತೋರಿಸಲು ಆಗಲಿಲ್ಲ ನನಗೆ.

ಈಗ ಆ ಬೆಳೆ 2 ಕೋಟಿ ಪೆಟ್ಟಿಗೆಯೂ ಆಗುವುದಿಲ್ಲ. 1983, 85, 89ರ ಹಿಮಕ್ಕೇ ಈ ಕಡೆಯ ಎಷ್ಟೋ ತೋಟ ಸತ್ತು, ಜಾಗ ಸೈಟಾಗಿತ್ತು. 2005ರಲ್ಲಿ ಗ್ರೀನಿಂಗ್ ರೋಗ ಕಾಣಿಸಿಕೊಂಡಿತು. ಎಳ್ಳಿನಷ್ಟಿರುವ ಹುಳು ಹರಡುವ ರೋಗ. ಎಲೆ ಹಳದಿಯಾಗುತ್ತದೆ, ಹಣ್ಣು ಹಸಿರಾಗಿಯೇ ಉಳಿದು ಕಹಿಯಾಗಿ ಉದುರುತ್ತದೆ. ನಮ್ಮ ಕೊಡಗಿನ ಕಿತ್ತಳೆಯನ್ನು ತಿಂದ ರೋಗಗಳಲ್ಲಿ ಇದೂ ಒಂದು. ಕ್ಲೆರ್ಮಾಂಟಿನಲ್ಲಿ 1956ರಲ್ಲಿ ಕಟ್ಟಿದ ಸಿಟ್ರಸ್ ಟವರ್ ಅಂತ ಇದೆ, 226 ಅಡಿ. ಮೇಲೆ ಹತ್ತಿ ಸುತ್ತಲ ತೋಟ ನೋಡಲಿ ಅಂತಲೇ ಕಟ್ಟಿದ್ದು. ಈಗ ಹತ್ತಿದರೆ ಮನೆಗಳ ಮಾಡು ಕಾಣುತ್ತದೆ. ಆದರೂ ನಾವೇ ಕಿತ್ತುಕೊಳ್ಳಬಹುದಾದ ತೋಟ ಒಂದೆರಡು ಆ ಕಡೆ ಉಳಿದಿವೆ. ಡಿಸೆಂಬರಿನಲ್ಲಿ ನೇವಲ್ ಕಿತ್ತಳೆ ಇರುತ್ತದೆ, ಬೀಜವಿಲ್ಲದ್ದು. ಫೋನ್ ಮಾಡಿ ವಿಚಾರಿಸಿಟ್ಟಿರುತ್ತೇನೆ. ನೀವು ಬಂದ ಮಾರನೇ ದಿನವೇ ಅಲ್ಲಿಗೆ. ಪಟ್ಟಿಯಲ್ಲಿ ಮೊದಲನೆಯದು ಅದು. ಇದರಲ್ಲಿ ಚೌಕಾಸಿ ಇಲ್ಲ.

ಎರಡನೆಯದು ನೀರು. ಈ ಊರಿನ ನೆಲದಡಿ ಪೂರ್ತಿ ಸುಣ್ಣಕಲ್ಲು. ಮಳೆನೀರು ಅದನ್ನು ಕರಗಿಸುತ್ತಾ ಇಳಿದು, ಇನ್ನೆಲ್ಲೋ ಒರತೆಯಾಗಿ ಉಕ್ಕುತ್ತದೆ. ನಮ್ಮ ಮನೆಯಿಂದ ಇಪ್ಪತ್ತು ನಿಮಿಷಕ್ಕೆ ವೆಕೈವಾ ಸ್ಪ್ರಿಂಗ್ಸ್. ಕಾರಿಗೆ 6 ಡಾಲರ್, ಒಳಗೆ ಎಷ್ಟು ಜನ ತುರುಕಿಕೊಂಡಿದ್ದರೂ ಅಷ್ಟೇ, ಎಂಟು ಜನರ ತನಕ. ವರ್ಷವಿಡೀ ನೀರು 22 ಡಿಗ್ರಿ. ಚಳಿಯ ಬೆಳಿಗ್ಗೆ ಹೋದರೆ ಬಚ್ಚಲ ಹಂಡೆಯ ಹಾಗೆ ಹಬೆ ಏಳುತ್ತಿರುತ್ತದೆ. ತಳದ ಮರಳು ಕುದಿಯುವ ಗಂಜಿಯ ಹಾಗೆ ಗುಳುಗುಳು ಅನ್ನುವುದು ಮೇಲಿನಿಂದಲೇ ಕಾಣುತ್ತದೆ. ಮಕ್ಕಳು ಇಳಿಯಲಿ, ನಿಮ್ಮಮ್ಮ ಮೆಟ್ಟಿಲ ಮೇಲೆ ಕೂತು ಕಾಲು ಬಿಡಲಿ. ಶನಿವಾರ, ಭಾನುವಾರ ಜಾಗ ತುಂಬಿದ ಕೂಡಲೇ ಗೇಟು ಹಾಕಿಬಿಡುತ್ತಾರೆ, ಬೇಗ ಹೊರಡಬೇಕು. ಇನ್ನೊಂದು ಮಾತು: ಈಜುವ ಜಾಗ ಬಿಟ್ಟು ಬೇರೆ ಎಲ್ಲೂ, ಯಾವ ಕೆರೆಯ ದಂಡೆಗೂ ಚಿನ್ನುವನ್ನು ಬಿಡಬೇಡ. ಇಲ್ಲಿ ನೀರು ಅಂದರೆ ಮೊಸಳೆ ಇದೆ ಅಂತಲೇ ಲೆಕ್ಕ. ಸಂಜೆ ಹೊತ್ತು ಅಂತೂ ದೂರ ಇರಬೇಕು.

ಅದೇ ಸುಣ್ಣಕಲ್ಲಿನ ಇನ್ನೊಂದು ಕೆಲಸ ಕೇಳು, ಮಕ್ಕಳಿಗೆ ಹೇಳಲು ಬರುತ್ತದೆ. 1981ರಲ್ಲಿ ವಿಂಟರ್ ಪಾರ್ಕ್ ಅನ್ನುವ ಪಕ್ಕದ ಊರಿನಲ್ಲಿ ನೆಲ ಕುಸಿಯಿತು. ಒಂದು ಇಡೀ ಮನೆ, ಈಜುಕೊಳದ ಒಂದು ಭಾಗ, ರಿಪೇರಿಗೆ ಬಂದಿದ್ದ ಪೋರ್ಶೆ ಕಾರುಗಳು, ಎಲ್ಲ ಗುಂಡಿಯೊಳಗೆ. ಈಗ ಅಲ್ಲೊಂದು ಕೆರೆಯಿದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಚಳಿ ಬಿದ್ದ ದಿನ ನೋಡಿಕೊಂಡು ಬ್ಲೂ ಸ್ಪ್ರಿಂಗಿಗೆ ಹೋಗೋಣ. ಸೇಂಟ್ ಜಾನ್ಸ್ ನದಿ ತಣ್ಣಗಾದಾಗ ಮ್ಯಾನಟಿಗಳು ಬೆಚ್ಚಗಿನ ಒರತೆ ಹುಡುಕಿಕೊಂಡು ಅಲ್ಲಿಗೆ ಬರುತ್ತವೆ. ಹತ್ತು ಅಡಿ ಉದ್ದ, ಎಮ್ಮೆಯಂಥ ಮೈ, ತಿನ್ನುವುದು ಮಾತ್ರ ಹುಲ್ಲು, ಜೊಂಡು. ಒಂದೊಂದು ಬೆಳಿಗ್ಗೆ ನೂರಾರು ಇರುತ್ತವೆ. ಮೊದಲ ಸಲ ನೋಡಿದಾಗ ನನಗೆ ನೀರಿನಲ್ಲಿ ಬಂಡೆ ಬಿದ್ದಿದೆ ಅನ್ನಿಸಿತ್ತು. ಆಮೇಲೆ ಒಂದು ಬಂಡೆ ಮೂಗು ಮೇಲೆತ್ತಿ ಬುಸ್ ಅಂತ ಉಸಿರು ಬಿಟ್ಟಿತು. ಪಕ್ಕದಲ್ಲೇ ಮರಿ, ತಾಯಿಯ ರೆಕ್ಕೆಯ ಸಂದಿಯಲ್ಲಿ ಬಾಯಿಟ್ಟು ಹಾಲು ಕುಡಿಯುತ್ತಿತ್ತು. ಅಲ್ಲಿ ಮರದ ಹಲಗೆಯ ದಾರಿ ಹಾಕಿದ್ದಾರೆ, ಏರುತಗ್ಗಿಲ್ಲ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ನಾನು ಕಂಡಿಲ್ಲ. ಆ ತಿಂಗಳುಗಳಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಟ್ಟಿರು.

ಇನ್ನು ಕಾರಿನಿಂದ ಇಳಿಯದೆಯೇ ನೋಡುವುದೂ ಒಂದಿದೆ. ಅಪಾಪ್ಕ ಕೆರೆಯ ದಂಡೆಯಲ್ಲಿ 11 ಮೈಲಿಯ ಮಣ್ಣುರಸ್ತೆ. ಶುಕ್ರವಾರದಿಂದ ಭಾನುವಾರದ ತನಕ ತೆಗೆದಿರುತ್ತಾರೆ, ದುಡ್ಡಿಲ್ಲ. ಹಿಂದೆ ಅದೆಲ್ಲ ತರಕಾರಿ ಗದ್ದೆ. ಕೆರೆ ಕೆಟ್ಟುಹೋಯಿತು ಅಂತ ಸರ್ಕಾರ ಗದ್ದೆಗಳನ್ನು ಕೊಂಡು ನೀರು ಬಿಟ್ಟಿತು. ಮಣ್ಣಿನಲ್ಲಿ ಉಳಿದಿದ್ದ ಹಳೇ ಕೀಟನಾಶಕ ಮೀನಿಗಿಳಿದು, 1998-99ರ ಚಳಿಗಾಲದಲ್ಲಿ ನೂರಾರು ಹಕ್ಕಿ ಸತ್ತವು. ಮತ್ತೆ ಎಷ್ಟೋ ವರ್ಷ ಮಣ್ಣು ಸರಿಮಾಡಿ, 2015ರಲ್ಲಿ ಜನರಿಗೆ ಈ ರಸ್ತೆ ತೆರೆದರು. ನಿಧಾನಕ್ಕೆ ಕಾರು ಬಿಟ್ಟುಕೊಂಡು ಹೋದರೆ ನಮ್ಮ ಮಂಡಗದ್ದೆಯ ಪಕ್ಷಿಧಾಮವೇ ನೆನಪಾಗುತ್ತದೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಯ ದಾಯಾದಿಯೊಂದು ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುವುದು, ಎಲ್ಲ ಇದೆ. ಕೆಳಗೆ ಮೊಸಳೆ ಬಾಯಿ ತೆರೆದು ಮಲಗಿರುವುದು ಮಾತ್ರ ಜಾಸ್ತಿ. ಬುತ್ತಿ ಕಟ್ಟಿಕೊಂಡು ಹೋಗೋಣ, ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ.

ಊಟದ ವಿಚಾರಕ್ಕೆ ಬರುತ್ತೇನೆ. ಪಾರ್ಕಿನ ಸುತ್ತ ಸಿಗುವ ಊಟ ನೋಡಿ ಈ ಊರಿಗೆ ರುಚಿಯೇ ಇಲ್ಲ ಅಂದುಕೊಳ್ಳಬೇಡ. ಮಿಲ್ಸ್ ರಸ್ತೆ ಮತ್ತು ಕಲೋನಿಯಲ್ ಡ್ರೈವ್ ಸೇರುವ ಕಡೆ, ಮಿಲ್ಸ್ 50 ಅಂತಾರೆ, ವಿಯೆಟ್ನಾಮಿನವರ ಬೀದಿ. 1975ರಲ್ಲಿ ಯುದ್ಧ ಮುಗಿದ ಮೇಲೆ ಊರು ಬಿಟ್ಟು ಬಂದವರು ಕಟ್ಟಿಕೊಂಡದ್ದು. ನಮಗೆ ಅಲ್ಲಿ ಕಂಟಕ ಮೀನಿನ ಸಾಸು. ಸೊಪ್ಪಿನ ಪಲ್ಯ ಅಂತ ಕೊಟ್ಟರೂ ಅದರಲ್ಲಿ ನಾಲ್ಕು ಹನಿ ಬಿದ್ದಿರುತ್ತದೆ. ಒಂದು ಪದ ಕಲಿತುಕೊಂಡು ಬಾ: 'ಚಾಯ್'. ಟೀ ಅಲ್ಲ. ಅವರ ಭಾಷೆಯಲ್ಲಿ ಸಸ್ಯಾಹಾರ. ಅವರಲ್ಲೂ ಬೌದ್ಧರು ಹುಣ್ಣಿಮೆ, ಅಮಾವಾಸ್ಯೆಯ ಲೆಕ್ಕದಲ್ಲಿ ಮಾಂಸ ಬಿಡುತ್ತಾರೆ. ಹಾಗಾಗಿ 'ಚಾಯ್' ಅಂದರೆ ಅಡುಗೆಮನೆಯವರಿಗೆ ತಟ್ಟನೆ ತಿಳಿಯುತ್ತದೆ. 'ವೆಜಿಟೇರಿಯನ್' ಅಂದರೆ ಕೋಳಿ ತೆಗೆದು ಕೊಡುತ್ತಾರೆ, ಸಾಸು ಉಳಿದಿರುತ್ತದೆ. ತೋಫು ಹಾಕಿದ ಬಾನ್ ಮಿ ತಗೋ. ಗರಿಗರಿ ಬ್ರೆಡ್ಡು, ಒಳಗೆ ಹುಳಿ ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ. ನಿಮ್ಮಮ್ಮನಿಗೆ ಖಂಡಿತ ಹಿಡಿಸುತ್ತದೆ.

ಅಲ್ಲಿನ ದಿನಸಿ ಅಂಗಡಿಗೆ ಅವಳನ್ನು ನಾನೇ ಕರೆದೊಯ್ಯುತ್ತೇನೆ, ನೀವು ಯಾರೂ ಬರಬೇಡಿ. ಹಲಸಿನ ಹಣ್ಣು, ಬಾಳೆಹೂವು, ಕೆಸುವಿನ ದಂಟು! ಮೊದಲ ಸಲ ಕೆಸುವಿನ ದಂಟು ಕಂಡಾಗ ನಾನು ಅಂಗಡಿಯಲ್ಲೇ ಕನ್ನಡದಲ್ಲಿ ಮಾತಾಡಿಬಿಟ್ಟಿದ್ದೆ. ಗಲ್ಲೆಯಲ್ಲಿದ್ದ ಹೆಂಗಸು ನಕ್ಕು, ತಾನೂ ಅದನ್ನು ಹುಳಿ ಸಾರಿಗೆ ಹಾಕುತ್ತೇನೆ ಅಂತ ಕೈಸನ್ನೆಯಲ್ಲೇ ಹೇಳಿದಳು. ಹುಣಸೆಹಣ್ಣಿನ ಪೊಟ್ಟಣ ತೋರಿಸಿದಳು. ಇಷ್ಟು ವರ್ಷದಿಂದ ನಮ್ಮ ಮಾತು ಹೀಗೇ ನಡೆಯುತ್ತಿದೆ.

ಕಿಸಿಮ್ಮಿ ಕಡೆ ಪೋರ್ಟೊ ರಿಕೊದವರು ತುಂಬಾ ಜನ. ಡಿಸ್ನಿಯಿಂದ ಹತ್ತಿರ, ಪಾರ್ಕಿಗೆ ಹೋದ ದಿನ ರಾತ್ರಿಯೂಟಕ್ಕೆ ಅಲ್ಲಿಗೆ ಹೋಗಬಹುದು. ಬಾಳೆಕಾಯಿ ಬಿಲ್ಲೆ ಕರಿದು, ಚಪ್ಪಟೆ ಒತ್ತಿ, ಮತ್ತೆ ಕರಿಯುತ್ತಾರೆ, ತೊಸ್ತೋನೆಸ್. ಕರಿದ ಬಾಳೆಕಾಯನ್ನೇ ಬೆಳ್ಳುಳ್ಳಿ ಹಾಕಿ ಮರದ ಕುಟ್ಟಾಣಿಯಲ್ಲಿ ಕುಟ್ಟಿದರೆ ಮೊಫೊಂಗೊ. ಆದರೆ ಇದಕ್ಕೆ ಹಂದಿಚರ್ಮದ ಚೂರು ಸೇರಿಸುವುದೇ ರೂಢಿ, ಬೇಡ ಅಂತ ಮೊದಲೇ ಹೇಳಬೇಕು. ಅನ್ನಕ್ಕೆ ಗಾಂದೂಲೆಸ್ ಹಾಕುತ್ತಾರೆ. ಏನು ಗೊತ್ತಾ ಅದು? ಹಸಿ ತೊಗರಿಕಾಳು. ನಮ್ಮ ನೆಲದ್ದೇ ಕಾಳು, ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಹಡಗಿನ ದಾರಿಯಲ್ಲಿ ಆ ದ್ವೀಪ ಸೇರಿತು. ಆ ಅನ್ನದಲ್ಲೂ ಹೆಚ್ಚಾಗಿ ಹಂದಿಮಾಂಸ ಇರುತ್ತದೆ, ಅದನ್ನು ಅಳಿಯಂದಿರು ತಿನ್ನಲಿ. ಡಬ್ಬಿ ಗಾಂದೂಲೆಸ್ ತಂದು ನಾನು ಮನೆಯಲ್ಲಿ ಹುಳಿ ಮಾಡುತ್ತೇನೆ, ನಿಮಗೆಲ್ಲ ಅದು. ಆ ಕಡೆಯ ಬೇಕರಿಗಳಲ್ಲಿ ಸೀಬೆಹಣ್ಣಿನ ಪೇಸ್ಟ್ರಿ, ಜೊತೆಗೆ ಕ್ಯೂಬಾದ ಕಾಫಿ, ಬಿಡಬೇಡ. ಪುಟ್ಟ ಲೋಟ, ನಮ್ಮ ಮೊದಲ ಡಿಕಾಕ್ಷನ್ನಿನಷ್ಟು ಗಟ್ಟಿ.

ಮಳೆ ಬಂದ ದಿನಕ್ಕೆ ವಿಂಟರ್ ಪಾರ್ಕಿನ ಮೋರ್ಸ್ ಮ್ಯೂಸಿಯಂ ಇದೆ. ಟಿಫಾನಿ ಅನ್ನುವ ಕಲಾವಿದನ ಬಣ್ಣದ ಗಾಜು. 1893ರ ಷಿಕಾಗೊ ಮೇಳಕ್ಕೆ ಮಾಡಿದ ಇಡೀ ಪ್ರಾರ್ಥನಾ ಮಂದಿರವನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ವಿವೇಕಾನಂದರು ಮಾತಾಡಿದ ಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿ. ಹತ್ತಿರದಲ್ಲೇ 1938ರಿಂದ ನಡೆಯುತ್ತಿರುವ ದೋಣಿ ಸವಾರಿ, ಒಂದು ಗಂಟೆ, ಮೂರು ಕೆರೆ. ದೊಡ್ಡವರ ಮನೆಗಳ ಹಿತ್ತಲು ನೋಡುವುದಕ್ಕೆ ಅಷ್ಟೇ ಅಂತ ನಿಮ್ಮ ದೊಡ್ಡಪ್ಪನ ತಕರಾರು. ನನಗೆ ಇಷ್ಟ. ದೇವಸ್ಥಾನ ಕ್ಯಾಸಲ್‌ಬೆರಿಯಲ್ಲಿದೆ, ಒಂದು ಸಂಜೆ ಸಾಕು.

ರಾಕೆಟ್ಟಿಗಾಗಿ ಕೆನೆಡಿ ಸೆಂಟರಿನ ಟಿಕೆಟ್ ಈಗಲೇ ತೆಗೆಯಬೇಡ. ಉಡಾವಣೆಯ ದಿನ ನೋಡಿಕೊಂಡರೆ ನಮ್ಮ ಹಿತ್ತಲಿನಿಂದಲೇ ಕಾಣುತ್ತದೆ. ಹೋದ ಸಲ ಹಾಲು ಒಲೆಯ ಮೇಲಿಟ್ಟು ಹೊರಗೆ ಓಡಿದ್ದೆ. ಪೂರ್ವಕ್ಕೆ ಒಂದು ಕೆಂಪು ಉಂಡೆ, ಸದ್ದೇ ಇಲ್ಲದೆ ಏರುತ್ತಾ ಹೋಯಿತು. ಒಳಗೆ ಬಂದರೆ ಹಾಲೆಲ್ಲ ಉಕ್ಕಿ ಒಲೆಯ ಮೇಲೆ.

ಹಾಗಾದರೆ ನೀನು ಮಾಡಬೇಕಾದ್ದು ಒಂದೇ. ಮೂರನೇ ದಿನದ ನಂತರದ ಪಾರ್ಕಿನ ಟಿಕೆಟ್ ಇನ್ನೂ ತೆಗೆದಿಲ್ಲ ಅಂತ ಅಳಿಯಂದಿರೇ ನಿಮ್ಮ ದೊಡ್ಡಪ್ಪನ ಹತ್ತಿರ ಹೇಳಿದ್ದಾರೆ. ತೆಗೆಯಬೇಡ.

ಬರುವಾಗ ತೊಡದೇವು, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ತಾ. ಏರ್‌ಪೋರ್ಟಿನಲ್ಲಿ ತಿನ್ನುವ ಸಾಮಾನಿದೆ ಅಂತ ಹೇಳಿಬಿಡು, ಮುಚ್ಚಿಡಬೇಡ. ಹಸಿ ಕರಿಬೇವು ಮಾತ್ರ ಒಂದೆಸಳೂ ಬೇಡ. ನಿಮ್ಮಮ್ಮ ಸೀರೆಯ ಮಡಿಕೆಯಲ್ಲಿ ಸೇರಿಸುವ ಪೈಕಿ, ಸೂಟ್‌ಕೇಸ್ ನೀನೇ ಒಂದು ಸಲ ನೋಡು. ಕಿತ್ತಳೆಯ ರೋಗ ಹರಡುತ್ತದಲ್ಲ ಆ ಹುಳು, ಅದು ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ತರಲು ಬಿಡುವುದಿಲ್ಲ. ನಮ್ಮ ಹಿತ್ತಲಲ್ಲೇ ಒಂದು ಗಿಡ ಇದೆ, ಆಳೆತ್ತರ ಆಗಿದೆ. ಒಗ್ಗರಣೆಗೆ ಎಷ್ಟು ಬೇಕಾದರೂ ಕಿತ್ತುಕೊಳ್ಳಲಿ ಅಂತ ಅವಳಿಗೆ ಹೇಳು.

ಇಂತು,
ನಿನ್ನ ದೊಡ್ಡಮ್ಮ