ನಿನ್ನ ಅಮ್ಮನ ಮಂಡಿ, ಊರವರ ಮಾತು

ಚಿರಂಜೀವಿ ರಘುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಉಳಿದದ್ದನ್ನೆಲ್ಲ ಒಮ್ಮೆ ಓದಿ ಮಡಿಸಿಟ್ಟೆ. ಆದರೆ ಪ್ರಾಣಕ್ಕೆ ಅಪಾಯವಿಲ್ಲದ ಮಂಡಿನೋವಿಗೆ ಸರ್ಕಾರದ ಹಣದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರೆ, ಹೃದ್ರೋಗಿಗಳ ಪಾಲು ಕಿತ್ತುಕೊಂಡರೆಂದು ಊರವರು ಆಡಿಕೊಳ್ಳುವುದಿಲ್ಲವೇ ಎಂದು ಕೇಳಿದ್ದೀಯಲ್ಲ, ಆ ಮಾತು ನನಗೆ ನಿದ್ದೆ ಮಾಡಗೊಡಲಿಲ್ಲ.

ಆಡಿಕೊಳ್ಳುವವರಿದ್ದಾರೆ, ಅಲ್ಲಗಳೆಯಲಾರೆ. ಆದರೆ ಕಣ್ಣಿನ ಪೊರೆಯ ವಿಷಯದಲ್ಲಿ ಯಾರೂ ಹೀಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ. ನಾನು ಚಿಕ್ಕವಳಿದ್ದಾಗ ಕಣ್ಣಿನ ವೈದ್ಯರಾದ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸಾಲಾಗಿ ಮಲಗಿದ್ದ ಮುದುಕರನ್ನು ನೋಡಿದ್ದೇನೆ. ಹಣ ಕೊಟ್ಟವರೂ ಊಟ ಬಡಿಸಿದವರೂ ಅದನ್ನು ಪುಣ್ಯದ ಕೆಲಸವೆಂದೇ ತಿಳಿದಿದ್ದರು. ಪೊರೆ ಬಂದವರೇನೂ ಸಾಯುತ್ತಿರಲಿಲ್ಲ. ಕಾಣದವರಿಗೆ ಕಾಣಲೆಂದು ಮನಸ್ಸು ಮಾಡಿದ ಜನ, ನಡೆಯಲಾಗದವರು ನಡೆಯಲಿ ಎನ್ನಲು ಏಕೆ ಹಿಂದೆಮುಂದೆ ನೋಡುತ್ತಾರೆ? ಮಂಡಿನೋವು ವಯಸ್ಸಾದವರು, ಅದರಲ್ಲೂ ಹೆಂಗಸರು, ಸಹಿಸಿಕೊಳ್ಳಲೇಬೇಕಾದದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಕಾರಣವೆಂದು ನನಗನಿಸುತ್ತದೆ.

ನಿನ್ನ ಅಜ್ಜಿ ಕೊನೆಕೊನೆಗೆ ಮಧ್ಯಾಹ್ನ ಕಳೆದ ಮೇಲೆ ನೀರನ್ನೇ ಕುಡಿಯುತ್ತಿರಲಿಲ್ಲ. ರಾತ್ರಿ ಹಿತ್ತಿಲಿಗೆ ಹೋಗಲು ಯಾರನ್ನಾದರೂ ಎಬ್ಬಿಸಬೇಕಾದೀತೆಂಬ ಸಂಕೋಚದಿಂದ, ಬಾಯಾರಿಕೆಯಿಲ್ಲವೆಂದು ಲೋಟವನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅದು ಯಾರಿಗೂ ತುರ್ತಾಗಿ ಕಾಣಲಿಲ್ಲ. ಆಗ ಇಂಥ ಯೋಜನೆಗಳಿರಲಿಲ್ಲ; ಇದ್ದಿದ್ದರೂ ತಾತ ಒಪ್ಪುತ್ತಿದ್ದರೋ ಇಲ್ಲವೋ. ಆ ಕೊರಗು ನನಗೆ ಇಂದಿಗೂ ಇದೆ.

ಪಾಲು ಕಿತ್ತುಕೊಳ್ಳುವ ಮಾತಿಗೇ ಮತ್ತೆ ಬರುತ್ತೇನೆ. ಬೊಕ್ಕಸದ ಹಣಕ್ಕೆ ಮಿತಿಯಿದೆ, ನಿಜ. ಆದರೆ 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಅವಕಾಶವಿದ್ದು, ತುರ್ತು ಸ್ಥಿತಿಯಲ್ಲಿರುವವರು ಶಿಫಾರಸು ಪತ್ರಕ್ಕೆ ಕಾಯದೆ ದಾಖಲಾಗಬಹುದು. ಪತ್ರ ಪಡೆದು ಸರದಿಯಲ್ಲಿ ನಿಲ್ಲಬೇಕಾದವಳು ನಿನ್ನ ಅಮ್ಮ. ಅವಳು ಯಾರನ್ನೂ ಹಿಂದಿಕ್ಕಿ ಹೋಗುತ್ತಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಗೆ ಹಾಕುವ ಕೃತಕ ಕೀಲಿನ ಬೆಲೆಗೆ ಮಿತಿ ಹಾಕಿ, ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಬಗೆಯದನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿದ್ದು ಇದು ಶೋಕಿಯಲ್ಲವೆಂದು ಕಂಡಿದ್ದರಿಂದಲೇ ಅಲ್ಲವೇ?

ಓಡಾಡುವವನು ನೀನು, ಕುಳಿತಲ್ಲಿಂದ ಹೇಳಲು ನನಗೂ ಸಂಕೋಚವೇ. ಆದರೂ ಪಡಿತರ ಚೀಟಿ, ಆಧಾರ್ ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆಯ ಮೂಳೆ ವೈದ್ಯರನ್ನು ಮೊದಲು ಕಾಣು. ಯಾರಾದರೂ ಕೇಳಿದರೆ ದೊಡ್ಡಮ್ಮ ಹಠ ಹಿಡಿದರು ಎಂದುಬಿಡು. ಶಸ್ತ್ರಚಿಕಿತ್ಸೆಯ ನಂತರ ವ್ಯಾಯಾಮ ಮಾಡಿಸಲು ಮನೆಯಲ್ಲಿ ಒಬ್ಬರಿರಲೇಬೇಕು. ದಿನ ಗೊತ್ತಾದ ಕೂಡಲೇ ತಿಳಿಸು, ನಾನು ಬರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ