ಮಗಳಿಗೊಂದು ಪತ್ರ: ಬೀರು ಬಾಗಿಲಿನ 3:45

ಪುಟ್ಟೀ,

ನೀನು ರಾತ್ರಿ ಒಂಬತ್ತಕ್ಕೆಲ್ಲ ಮಲಗಿಬಿಡುತ್ತೀಯ, ಬೆಳಗ್ಗೆ ನಾಲ್ಕಕ್ಕೆ ಎದ್ದು ಶೂ ಕಟ್ಟಿಕೊಂಡು ಹೊರಟುಬಿಡುತ್ತೀಯ, ಬಂದು ಸ್ನಾನ, ತಿಂಡಿ, ಆಫೀಸು. ಮಧ್ಯೆ ನಿನ್ನನ್ನು ಕೂರಿಸಿಕೊಂಡು ಮಾತಾಡೋಣ ಅಂದ್ರೆ ಸಿಗುವುದೇ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದ್ದರೆ ಅರ್ಧಕ್ಕೇ "ಅಮ್ಮಾ, ಬಿಡಮ್ಮಾ" ಅನ್ನುತ್ತಿದ್ದೆ. ಕಾಗದ ಆದರೆ ಪೂರ್ತಿ ಓದುತ್ತೀಯ.

ನಿನ್ನೆ ಒಗೆದ ಬಟ್ಟೆ ಇಡೋಕೆ ಅಂತ ನಿನ್ನ ಬೀರು ಹತ್ತಿರ ಹೋಗಿದ್ದೆ. ಬಾಗಿಲಿಗೆ ಅಂಟಿಸಿದ್ದೀಯಲ್ಲ, ಆ ಹಾಳೆ ನೋಡಿದೆ. ಮುಂಬೈ ಮ್ಯಾರಥಾನ್‌ಗೆ ಅಂತ ಹದಿನೆಂಟು ವಾರದ ಓಟದ ಲೆಕ್ಕ. ಮಂಗಳವಾರ ಇಂಟರ್ವಲ್, ಅಂದ್ರೆ ಬಿಟ್ಟು ಬಿಟ್ಟು ಜೋರಾಗಿ ಓಡುವುದು, ಗುರುವಾರ ಟೆಂಪೋ, ಅಂದ್ರೆ ಒಂದೇ ಸಮನೆ ಬಿರುಸಾಗಿ ಓಡುವುದು, ಭಾನುವಾರ ಲಾಂಗ್ ರನ್. ಓಡಿದ್ದಕ್ಕೆಲ್ಲ ಹಸಿರು ಟಿಕ್ಕು, ಜ್ವರ ಬಂದ ವಾರ ಮಾತ್ರ ಖಾಲಿ. ಎಲ್ಲಾ ಪೆನ್ನಿನಲ್ಲೇ ಬರೆದಿದ್ದೀಯ. ಮೇಲೆ ಬಲಗಡೆ ಮೂಲೆಯಲ್ಲಿ ಒಂದು ಮಾತ್ರ ಪೆನ್ಸಿಲ್‌ನಲ್ಲಿ ಇದೆ, 4:15 ಅಂತ, ಓಟ ಮುಗಿಸಬೇಕು ಅಂದುಕೊಂಡ ಟೈಮ್, ನಾಲ್ಕು ಗಂಟೆ ಹದಿನೈದು ನಿಮಿಷ. ಯಾಕೋ ಹಾಳೆಯ ತುದಿ ಎತ್ತಿ ಕಿಟಕಿ ಬೆಳಕಿಗೆ ಹಿಡಿದೆ. ಅದರ ಕೆಳಗೆ ಅಳಿಸಿದ ಗುರುತು ಕಾಣಿಸಿತು. 3:45. ಎಷ್ಟು ಒತ್ತಿ ಬರೆದಿದ್ದೀಯ ಅಂದ್ರೆ, ರಬ್ಬರ್ ಉಜ್ಜಿ ಉಜ್ಜಿ ಕಾಗದ ನಾರುನಾರು ಎದ್ದಿದೆ, ಅಂಕಿ ಮಾತ್ರ ಹೋಗಿಲ್ಲ.

ಯಾಕೆ ಅಳಿಸಿದೆ ಅಂತ ನನಗೆ ಗೊತ್ತು ಪುಟ್ಟಿ. ಹೋದ ಭಾನುವಾರ ನೀವು ನಾಲ್ಕೂ ಜನ ಓಡಿ ಮನೆಗೆ ಬಂದಿದ್ದಿರಲ್ಲ, ನಾನು ದೋಸೆ ಹುಯ್ಯುತ್ತಾ ಎಲ್ಲಾ ಕೇಳಿಸಿಕೊಂಡೆ. ಮುಂಬೈನಲ್ಲಿ ನಾಲ್ವರೂ ಒಟ್ಟಿಗೇ ಓಡೋಣ, ಕೊನೆಯಲ್ಲಿ ಕೈ ಕೈ ಹಿಡಿದು ಗೆರೆ ದಾಟೋಣ ಅಂತ ನಿನ್ನ ಹಾಸ್ಟೆಲ್ ಗೆಳತಿ ಹೇಳಿದಳು. ಉಳಿದ ಇಬ್ಬರೂ ಹೂಂ ಅಂದರು. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಸರಿ" ಅಂದೆ. ಆ ಸರಿ ನನಗೆ ಸರಿ ಕೇಳಿಸಲಿಲ್ಲ.

ನೀನು 3:45 ಅಂತ ಬರೆದುಕೊಂಡಿದ್ದು ಸುಮ್ನೆ ಆಸೆಗಲ್ಲ. ಅಕ್ಟೋಬರ್‌ನಲ್ಲಿ ಹಾಫ್, ಅಂದ್ರೆ 21 ಕಿಲೋಮೀಟರಿನ ಅರ್ಧ ಮ್ಯಾರಥಾನ್, 1:46ರಲ್ಲಿ ಮುಗಿಸಿದೆ. ಹಾಫ್‌ನ ಎರಡರಷ್ಟಕ್ಕೆ ಇನ್ನೊಂದು ಹತ್ತು-ಹದಿನೈದು ನಿಮಿಷ ಸೇರಿಸಿದರೆ 42 ಕಿಲೋಮೀಟರಿನ ಫುಲ್‌ನ ಅಂದಾಜು ಸಿಗುತ್ತೆ ಅಂತ ಓಡುವವರೆಲ್ಲ ಹೇಳುತ್ತಾರೆ, ಆ ಲೆಕ್ಕದಲ್ಲಿ ನಿನ್ನ ಕೈಗೆ ಎಟುಕುವ ಟೈಮೇ ಅದು. ಹೋದ ವಾರ 29 ಕಿಲೋಮೀಟರ್ ಓಡಿದಾಗ ಕೊನೆಯ ಎಂಟನ್ನು 5:20ರ ಪೇಸ್‌ನಲ್ಲಿ, ಅಂದ್ರೆ ಕಿಲೋಮೀಟರಿಗೆ 5 ನಿಮಿಷ 20 ಸೆಕೆಂಡಿನಂತೆ, ಓಡಿ ಬಂದೆ, ಮನೆ ಬಾಗಿಲಲ್ಲಿ ನಿನ್ನ ಮುಖ ನೋಡಿದೆನಲ್ಲ, ಸುಸ್ತಾಗಿತ್ತು ನಿಜ, ಆದರೆ ಒದ್ದಾಡಿಕೊಂಡು ಬಂದವಳ ಮುಖ ಅದಾಗಿರಲಿಲ್ಲ.

ಇನ್ನು ಜೂನ್ ನೆನಪಿದೆಯಾ? ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದೆ. ಜಾಸ್ತಿ ಓಡಿ ಹೀಗಾಗಿದೆ ಅಂತ ಅಜ್ಜಿ ಬೈದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.4. ಹೆಂಗಸರಿಗೆ 12 ಆದರೂ ಇರಬೇಕು. ತಿಂಗಳ ಮುಟ್ಟಿನಲ್ಲಿ ಹೋಗುವುದು ಒಂದು ಕಡೆ, ಇಷ್ಟು ಓಡಿದರೆ ಬೆವರಿನಲ್ಲೂ ಒಂಚೂರು ಕಬ್ಬಿಣ ಹೋಗುತ್ತೆ, ಅದರ ಮೇಲೆ ನೀನು ಊಟ ಆದ ತಕ್ಷಣ ಕಾಫಿ ಕುಡಿಯುತ್ತಿದ್ದೆ. ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತವೆ. ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತಗೊಂಡೆ, ಕಾಫಿಯನ್ನು ಒಂದೂವರೆ ಗಂಟೆ ಮುಂದಕ್ಕೆ ಹಾಕಿದೆ, ಬಸಳೆ, ದಂಟು, ಹುರುಳಿಕಾಳು ಅಂತ ನಾನು ಬಡಿಸಿದ್ದನ್ನೆಲ್ಲ ಮುಖ ಕಿವುಚದೆ ತಿಂದೆ. ಈಗ 12.6. ಇಷ್ಟೆಲ್ಲ ಮಾಡಿ ಗಳಿಸಿದ ಟೈಮ್ ಅದು. ಅದನ್ನು ಒಂದು ದೋಸೆ ತಿನ್ನುವಷ್ಟರಲ್ಲಿ ಬಿಟ್ಟುಕೊಟ್ಟೆಯಲ್ಲ ಅಂತ ನನಗೆ ಸಂಕಟ.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ಹಾಲ್‌ನಲ್ಲಿರುವ ಫೋಟೊ. 2017ರದ್ದು. ನಾನೂ ನನ್ನ ಲಾಲ್‌ಬಾಗ್ ಗೆಳತಿಯೂ ಮುಂಬೈನಲ್ಲಿ ಕೈ ಹಿಡಿದು, ಕೈ ಎತ್ತಿ, ಹಲ್ಲು ಬಿಟ್ಟುಕೊಂಡು ಗೆರೆ ದಾಟುತ್ತಿರುವುದು. ಚಿಕ್ಕವಳಿದ್ದಾಗಿಂದ ನೀನು ಆ ಫೋಟೊ ತೋರಿಸಿ "ನನಗೂ ಹಿಂಗೇ ಒಂದು ಬೇಕು" ಅನ್ನುತ್ತಿದ್ದೆ. ನಿಮ್ಮ ನಾಲ್ವರ ಕೈ ಹಿಡಿಯುವ ಮಾತಿಗೆ ನೀನು ಬಾಯಿ ಮುಚ್ಚಿಕೊಂಡು ಒಪ್ಪಿದ್ದಕ್ಕೆ ಈ ಫೋಟೊನೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತಿದೆ. ಆದ್ದರಿಂದ ಅದರ ಕಥೆ ನಿನಗೆ ಗೊತ್ತಾಗಬೇಕು. ಇಷ್ಟು ವರ್ಷ ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ಅವಳದ್ದು ಆಗ ನಾಲ್ಕೂವರೆ ಗಂಟೆಯ ಓಟ. ನನ್ನದು ಐದು ಗಂಟೆಯದ್ದು. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಅವಳು 6:24, ನಾನು 7:06. ಕೇಳೋಕೆ ನಲವತ್ತು ಚಿಲ್ಲರೆ ಸೆಕೆಂಡು ಅಷ್ಟೇ. ಒಟ್ಟಿಗೇ ಓಡೋಣ ಅಂತ ಅವಳೇ ಅಂದಳು, ನನಗೂ ಖುಷಿಯಾಯಿತು. ಹೊರಟ ಮೇಲೆ ಮೊದಲ ಎರಡು ಮೂರು ಕಿಲೋಮೀಟರಿನಲ್ಲೇ ಅವಳು ನನಗೋಸ್ಕರ ವೇಗ ತಡೆದು ಓಡುತ್ತಿರುವುದು ಗೊತ್ತಾಯಿತು. ನೀರಿನ ಟೇಬಲ್ ಬಂದಾಗೆಲ್ಲ ಮುಂದೆ ಹೋಗಿ, ಎರಡು ಲೋಟ ತಗೊಂಡು, ಹಿಂದೆ ತಿರುಗಿ ನಿಂತಿರುತ್ತಿದ್ದಳು. ಹಾಗೆ ಒಬ್ಬರು ನಿಂತಿರುವುದನ್ನು ನೋಡಿದಾಗ ಹಿಂದೆ ಇರುವವರಿಗೆ ಏನಾಗುತ್ತೆ ಗೊತ್ತಾ? ಅವರನ್ನು ಕಾಯಿಸಬಾರದು ಅಂತ ನಮ್ಮ ಶಕ್ತಿ ಮೀರಿ ಓಡುತ್ತೇವೆ. ನಾನು 6:40ಕ್ಕೆ ಓಡಿದೆ. ಅರ್ಧ ದಾರಿ ಮುಗಿದಾಗ 2 ಗಂಟೆ 21 ನಿಮಿಷ. ನನ್ನ ಜೀವನದಲ್ಲಿ ನಾನು ಅಷ್ಟು ಬೇಗ ಹಾಫ್ ಓಡಿಯೇ ಇರಲಿಲ್ಲ, ಇನ್ನೂ ಅಷ್ಟೇ ದೂರ ಉಳಿದಿತ್ತು. ಬಿಸಿಲು ಏರಿತು. ಅಲ್ಲಿನ ಗಾಳಿ ಗೊತ್ತಲ್ಲ, ಬೆವರು ಸುರಿಯುತ್ತೆ, ಆರುವುದೇ ಇಲ್ಲ. 34 ದಾಟಿ ಪೆಡ್ಡರ್ ರೋಡಿನ ಏರು ಬಂದಾಗ ಎರಡೂ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡವು. ರೋಡ್ ಡಿವೈಡರ್ ಮೇಲೆ ಕೂತುಬಿಟ್ಟೆ. ಅವಳು ಪಕ್ಕದಲ್ಲಿ ಕೂತು ನನ್ನ ಕಾಲು ನೀವಿದಳು. ನೀನು ಹೋಗೇ ಅಂದೆ. ಹೋಗಲಿಲ್ಲ. ಉಳಿದಿದ್ದನ್ನು ಇಬ್ಬರೂ ನಡೆದೆವು, ಕೊನೆಯ ಇನ್ನೂರು ಮೀಟರ್ ಫೋಟೊಗೋಸ್ಕರ ಓಡಿದೆವು. 5 ಗಂಟೆ 24 ನಿಮಿಷ.

ವಾಪಸ್ ಬರುವಾಗ ಟ್ರೇನಿನಲ್ಲಿ ಅವಳು ಮೇಲಿನ ಬರ್ತ್‌ನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತು. ಆಮೇಲೆ ಅವಳಿಗೆ ಮಂಡಿ ನೋವು ಶುರುವಾಗಿ ಫುಲ್ ಓಡುವುದು ನಿಂತೇ ಹೋಯಿತು. ಒಂದು ದಿನವೂ ಅವಳು ಆ ಮಾತು ಎತ್ತಿಲ್ಲ. ಆದರೆ ಆ ನಾಲ್ಕೂವರೆ ಗಂಟೆ ನನ್ನ ಮೇಲಿನ ಸಾಲ, ಹೇಗೆ ತೀರಿಸಬೇಕು ಅಂತ ಇವತ್ತಿಗೂ ಗೊತ್ತಿಲ್ಲ. ನಾನೂ ಆವತ್ತು ನನ್ನ ಐದು ಗಂಟೆ ಕಳೆದುಕೊಂಡೆ. ಅವಳು ಅವಳ ಪಾಡಿಗೆ ಹೋಗಿದ್ದರೆ ನಾನು ನನ್ನ 7:06ರಲ್ಲಿ ಆರಾಮಾಗಿ ಬರುತ್ತಿದ್ದೆ, ಅವಳು ಅರ್ಧ ಗಂಟೆ ಮೊದಲೇ ಮುಗಿಸಿ ಎಳನೀರು ಹಿಡಿದುಕೊಂಡು ನನಗೆ ಕಾಯುತ್ತಿದ್ದಳು. ಫೋಟೊ ಆಗಲೂ ತೆಗೆಸಿಕೊಳ್ಳಬಹುದಿತ್ತು.

ಈಗ ನಿಮ್ಮ ನಾಲ್ವರ ಲೆಕ್ಕ ನೋಡು. 3:45 ಅಂದ್ರೆ 5:20, 4:15 ಅಂದ್ರೆ 6:02. ಅದೇ ನಲವತ್ತು ಚಿಲ್ಲರೆ ಸೆಕೆಂಡು. ನೀನು ಬಿಟ್ಟುಕೊಡುತ್ತಿರುವುದು ನಿನ್ನ ಅರ್ಧ ಗಂಟೆ ಮಾತ್ರ ಅಂದುಕೊಂಡಿದ್ದೀಯ. ಇದೇ ಮೊದಲ ಸಲ ಫುಲ್ ಓಡುತ್ತಿದ್ದಾಳಲ್ಲ ನಿನ್ನ ಹಾಸ್ಟೆಲ್ ಗೆಳತಿ, ಅವಳಿಗೆ 4:15ರ ವೇಗ ಕೂಡ ಜಾಸ್ತಿನೇ. ಪಕ್ಕದಲ್ಲಿ ನೀನು ಒಂದು ಹನಿ ಬೆವರದೆ ಮಾತಾಡಿಕೊಂಡು ಬರುತ್ತಿದ್ದರೆ ಅವಳು ನಿನಗೋಸ್ಕರ ಎಳೆದುಕೊಂಡು ಓಡುತ್ತಾಳೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಎಲ್ಲರಿಗೂ ಹೆಚ್ಚುಕಡಿಮೆ 30 ಕಿಲೋಮೀಟರಿನ ತನಕ ಸಾಲುತ್ತೆ, ಮೊದಲೇ ಜೋರಾಗಿ ಓಡಿದವರಿಗೆ ಅಲ್ಲಿಗೂ ಸಾಲಲ್ಲ. ನೀವೆಲ್ಲ ವಾಲ್ ಅನ್ನುತ್ತೀರಲ್ಲ, ಅದನ್ನು ನಾನು ಡಿವೈಡರ್ ಮೇಲೆ ಕೂತು ನೋಡಿದ್ದೇನೆ. ಆ ಹುಡುಗಿಗೆ ಅದು ಬೇಡ.

ಹಾಗಾದರೆ ಗೆಳೆಯರ ಜೊತೆ ಓಡುವುದು ಹೇಗೆ ಅಂತ ಕೇಳುತ್ತೀಯ. 2019ರಲ್ಲಿ ಕೀನ್ಯಾದ ಓಟಗಾರ ಕಿಪ್ಚೋಗೆ ವಿಯೆನ್ನಾದಲ್ಲಿ ಫುಲ್ ದೂರವನ್ನು ಎರಡು ಗಂಟೆಯ ಒಳಗೆ ಓಡಿದ್ದನ್ನು ನಾವಿಬ್ಬರೂ ಟಿವಿ ಮುಂದೆ ಕೂತು ನೋಡಿದ್ದೆವು, 1:59:40. ಅವನ ಜೊತೆ ಓಡಿ ವೇಗ ಕಾಯ್ದುಕೊಡೋಕೆ 41 ಜನ ಪೇಸರ್‌ಗಳಿದ್ದರು, ಎಲ್ಲರೂ ಅವನಿಗೋಸ್ಕರವೇ ಬಂದವರು. ಅವರಲ್ಲಿ ಒಬ್ಬರೂ 42 ಕಿಲೋಮೀಟರ್ ಪೂರ್ತಿ ಅವನ ಪಕ್ಕದಲ್ಲಿ ಓಡಲಿಲ್ಲ. ತಮ್ಮ ಕೈಲಾದಷ್ಟು ದೂರ ಓಡಿ, ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟರು. ಕೊನೆಯಲ್ಲಿ ಅವನನ್ನು ಮುಂದೆ ಬಿಟ್ಟು ಹಿಂದೆ ನಿಂತು ಕೂಗಿದರಲ್ಲ, ಅದನ್ನು ನೋಡಿ ನೀನು ಅತ್ತಿದ್ದೆ.

ನೀವೂ ಒಟ್ಟಿಗೆ ಇರಿ. ಗುರುವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತೀರಿ, ಶುಕ್ರವಾರ ಇಡೀ ದಿನ ಟ್ರೇನಿನಲ್ಲಿ, ಒಟ್ಟಿಗೆ ಚಪಾತಿ, ಚಟ್ನಿಪುಡಿ ತಿನ್ನಿ, ಗಂಟೆಗೊಮ್ಮೆ ಎದ್ದು ಬೋಗಿಯಲ್ಲಿ ಓಡಾಡಿ, ಕಾಲು ಜೋಮು ಹಿಡಿಯೋಕೆ ಬಿಡಬೇಡಿ. ಶನಿವಾರ ಒಟ್ಟಿಗೆ ಹೋಗಿ ಬಿಬ್, ಅಂದ್ರೆ ಎದೆಗೆ ಹಾಕುವ ನಂಬರ್, ತಗೊಂಡು ಬೇಗ ರೂಮಿಗೆ ಬನ್ನಿ, ಊರು ನೋಡೋಕೆ ಹೋಗಬೇಡಿ. ಹೊರಡುವ ಜಾಗದ ತನಕ ಒಟ್ಟಿಗೆ ನಡೆದುಕೊಂಡು ಹೋಗಿ. ಮುಗಿಸಿದ ಮೇಲೆ ಎಲ್ಲಿ ಸೇರಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ, ಆ ಜನದಲ್ಲಿ ಫೋನ್ ಸಿಗಲ್ಲ. ನೀನು ಮೊದಲು ಬರುತ್ತೀಯಲ್ಲ, ಅವರಿಗೆಲ್ಲ ಚಪ್ಪಲಿ ಹಿಡಿದುಕೊಂಡು ನಿಂತಿರು. ನಲವತ್ತೆರಡು ಕಿಲೋಮೀಟರ್ ಓಡಿದ ಕಾಲಿಗೆ ಚಪ್ಪಲಿ ಕೊಟ್ಟವರನ್ನು ಯಾರೂ ಮರೆಯಲ್ಲ.

ಇದನ್ನು ಅವರಿಗೆ ಈಗಲೇ ಹೇಳು. ಟ್ರೇನ್ ಹತ್ತಿದ ಮೇಲಲ್ಲ, ಸ್ಟಾರ್ಟ್‌ನಲ್ಲಿ ನಿಂತಾಗ ಅಂತೂ ಖಂಡಿತ ಬೇಡ. "ನನಗೆ 3:45 ಓಡಬೇಕು ಅಂತ ಆಸೆ ಇದೆ ಕಣ್ರೋ" ಅಂತ ಅಷ್ಟೇ ಹೇಳು. ಅವರು ನಿನ್ನ ಜೊತೆ ಹದಿನೈದು ವಾರ ಕತ್ತಲಲ್ಲಿ ಎದ್ದು ಬಂದಿದ್ದಾರೆ, ನಿನ್ನ ಕಾಲು ಎಂಥದ್ದು ಅಂತ ಅವರಿಗೆ ಗೊತ್ತಿಲ್ವಾ? ಆ ಉದ್ದನೆಯ ಹುಡುಗ ಇದಾನಲ್ಲ, ಅವನಿಗೂ ಏನೋ ಒಂದು ಟೈಮ್ ಮನಸ್ಸಿನಲ್ಲಿರುತ್ತೆ, ನೀನು ಬಾಯಿ ಬಿಟ್ಟರೆ ಅವನೂ ಬಿಡುತ್ತಾನೆ.

ಇನ್ನೊಂದೆರಡು ಮಾತು. 5:20 ಅಂತ ಮೊದಲ ಕಿಲೋಮೀಟರಿಂದಲೇ ಹೊರಡಬೇಡ. ಮೊದಲ ಐದಾರನ್ನು 5:30ಕ್ಕೆ ಓಡು, ಆ ನಿಮಿಷ ಆಮೇಲೆ ಸಿಗುತ್ತೆ. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಈ ಡಿಸೆಂಬರ್ ಚಳಿಯಲ್ಲಿ ಓಡಿ ಅಭ್ಯಾಸ. ಅಲ್ಲಿ ಉಸಿರು ಸಲೀಸು ಅನ್ನಿಸುತ್ತೆ, ಸೆಖೆ ಮಾತ್ರ ನಿಧಾನವಾಗಿ ಹೊಡೆಯುತ್ತೆ. ಈ ವಾರದಿಂದ ಒಂದೆರಡು ಸಣ್ಣ ಓಟವನ್ನಾದರೂ ಬೆಳಗ್ಗೆ ಒಂಬತ್ತರ ಬಿಸಿಲಿನಲ್ಲಿ ಓಡು. ಬರೀ ನೀರು ಕುಡಿಯುತ್ತಾ ಹೋಗಬೇಡ, ಬೆವರಿನಲ್ಲಿ ಉಪ್ಪು ಹೋಗಿ, ಮೇಲೆ ನೀರೂ ಜಾಸ್ತಿಯಾದರೆ ತಲೆ ಸುತ್ತುತ್ತೆ, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಓಡುವಾಗ ಶಕ್ತಿಗೆ ತಿನ್ನುತ್ತೀಯಲ್ಲ, ನಿನಗೆ ಒಗ್ಗಿದ ಆ ಜೆಲ್ಲನ್ನೇ ಇಲ್ಲಿಂದ ತಗೊಂಡು ಹೋಗು, ಅಲ್ಲಿ ಯಾರೋ ಕೊಟ್ಟರು ಅಂತ ಹೊಸದು ಬಾಯಿಗೆ ಹಾಕಬೇಡ. ಹೊಸ ಶೂ ಕೂಡ ಇವತ್ತಿಂದಲೇ ಹಾಕಲು ಶುರು ಮಾಡು. ನಿನ್ನ ಮುಟ್ಟಿನ ತಾರೀಖು ಲೆಕ್ಕ ಹಾಕಿದೆ, ಆ ವಾರಕ್ಕೇ ಬರುತ್ತೆ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಬೇಕಾದ್ದು ಇಟ್ಟಿದ್ದೇನೆ, ಅದಕ್ಕಾಗಿ ಹೆದರಬೇಡ, ಆ ದಿನಗಳಲ್ಲಿ ಓಡಿ ಗೆದ್ದವರು ಎಷ್ಟೋ ಜನ.

ಈ ಭಾನುವಾರ 32, ಅಲ್ವಾ? ಅದೇ ಕೊನೆಯ ದೊಡ್ಡ ಓಟ. ಆಮೇಲೆ ಮೂರು ವಾರ ಟೇಪರ್, ಅಂದ್ರೆ ಓಟ ಕಡಿಮೆ ಮಾಡುತ್ತಾ ಬರುವುದು, ಕಾಲು ತುರಿಸುತ್ತೆ, ಜಾಸ್ತಿ ಓಡೋಣ ಅನ್ನಿಸುತ್ತೆ, ಓಡಬೇಡ. ಸೌತ್ ಎಂಡ್ ಸರ್ಕಲ್, ಮಿನರ್ವ ಸರ್ಕಲ್, ಟೌನ್ ಹಾಲ್ ತನಕ ಅಪ್ಪ ಸ್ಕೂಟರಿನಲ್ಲಿ ಹಿಂದೆ ಬರುತ್ತಾರೆ, ಜೆ.ಸಿ. ರೋಡಿನ ನಾಯಿಗಳನ್ನು ಅವರು ನೋಡಿಕೊಳ್ಳುತ್ತಾರೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ಗಾಡಿ ಬಿಡಲ್ಲ, ಅದಕ್ಕೆ ಹಡ್ಸನ್ ಸರ್ಕಲ್ ಗೇಟಿನ ಹತ್ತಿರ ನಿಂತಿರುತ್ತಾರೆ. ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕ ಎರಡು ಬಾಟಲಿ, ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ ಎಲ್ಲಾ ಅವರ ಹತ್ತಿರ ಇರುತ್ತೆ. ನಿನ್ನ ಮೂವರನ್ನೂ ಓಟ ಮುಗಿದ ಮೇಲೆ ಮನೆಗೇ ಕರೆದುಕೊಂಡು ಬಾ, ಶನಿವಾರ ರಾತ್ರಿಯೇ ದೋಸೆಗೆ ರುಬ್ಬಿಡುತ್ತೇನೆ. ತಿನ್ನುವಾಗ ಹೇಳು ಅವರಿಗೆ. ನಾನು ಅಡುಗೆಮನೆಯಲ್ಲೇ ಇರುತ್ತೇನೆ.

ಎಷ್ಟು ಗಂಟೆಗೆ ಎಬ್ಬಿಸಬೇಕು ಅಂತ ಈ ಕಾಗದದ ಹಿಂದೆ ಬರೆದು ಫ್ರಿಜ್ ಮೇಲಿಡು.

ಅಮ್ಮ